ಪಾಯ ತೋಡುವ ಮೊದಲು ಹದ್ದುಬಸ್ತು

ಮನೆ ಕಟ್ಟಲು ಹೊರಟವರು ಹಳೆಯ ಬೇಲಿಯನ್ನೋ ಪಕ್ಕದವರ ಕಾಂಪೌಂಡನ್ನೋ ಗಡಿಯೆಂದು ನಂಬಿ ಪಾಯ ತೋಡಿಸಬಾರದು. ಸರ್ವೆ ನಂಬರಿನ ಜಮೀನಾದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಅಳತೆಯಿಂದ ಗಡಿ ಗುರುತಿಸುವುದಕ್ಕೆ, ಅರ್ಜಿ ಸಲ್ಲಿಸಿ. ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಟ್ಟು, ಮೂಲ ಸರ್ವೆ ದಾಖಲೆಯೊಂದಿಗೆ ತಾಳೆ ನೋಡಿ, ಅಳತೆ ಮಾಡಿ ಗಡಿ ಗುರುತಿಸುತ್ತಾರೆ. ನೋಟಿಸ್ ಕಂಡೊಡನೆ ಜಗಳಕ್ಕೆಂದೇ ಭಾವಿಸುವವರು ಬಹಳ. ಆದ್ದರಿಂದ ಅದು ತಲುಪುವ ಮುನ್ನವೇ ನೆರೆಯವರ ಮನೆಗೆ ಹೋಗಿ ವಿಷಯ ತಿಳಿಸಿ, ಅಳತೆಯ ದಿನ ಸ್ಥಳದಲ್ಲಿರುವಂತೆ ಕೇಳಿಕೊಳ್ಳುವುದು ಲೇಸು. ಬಡಾವಣೆಯ ನಿವೇಶನವಾದರೆ ಕ್ರಯಪತ್ರದ ಚೆಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿಗಳ ವಿವರವನ್ನು) ಅನುಮೋದಿತ ನಕ್ಷೆಯೊಂದಿಗೆ ಹೋಲಿಸಿ, ನಾಲ್ಕು ಬದಿಗಳ ಜೊತೆಗೆ ಎರಡೂ ಕರ್ಣಗಳನ್ನು ಅಳೆಸಿ. ಓರೆಯಾದ ನಿವೇಶನದ ಗುಟ್ಟು ಹೊರಬೀಳುವುದು ಅಲ್ಲಿಯೇ. ಒತ್ತುವರಿ ಕಂಡುಬಂದರೆ ಲಿಖಿತವಾಗಿ ತಕರಾರು ಸಲ್ಲಿಸಿ, ವಕೀಲರನ್ನು ಕಾಣಿ. ನಿಮ್ಮ ಜಾಗವನ್ನು ಬೇರೆಯವರು ತಮ್ಮದೆಂದು ಬಹಿರಂಗವಾಗಿ ಅನುಭವಿಸುವ ಪ್ರತಿಕೂಲ ಸ್ವಾಧೀನ 12 ವರ್ಷ ದಾಟಿದರೆ ಖಾಸಗಿ ಜಾಗದ ಹಕ್ಕೇ ಕೈತಪ್ಪುವ ಸಂಭವವಿದೆ.