ಪತ್ರಿಕೆ ಒಂದು ಕಡೆ, ಟಿ.ವಿ. ಒಂದು ಕಡೆ: ಕಂಪನಿ ಪಾಲಾದಾಗ ಷೇರಿನ ಲೆಕ್ಕ ಹೀಗಿಡಿ

ಮಂಡಿಪೇಟೆಯಲ್ಲಿ ಅಣ್ಣತಮ್ಮಂದಿರು ಅಂಗಡಿ ಪಾಲು ಮಾಡಿಕೊಂಡರೆ ದಾವಣಗೆರೆಯ ವ್ಯಾಪಾರಸ್ಥರು ಮೊದಲು ಕೇಳುವುದು, ಸಾಲ ಯಾರ ತಲೆಗೆ ಬಂತು ಅಂತ. ಮಾಧ್ಯಮ ಕಂಪನಿ ಎರಡಾದಾಗಲೂ ಷೇರುದಾರರು ಕೇಳಬೇಕಾದದ್ದು ಅದನ್ನೇ.

ರೂಪರ್ಟ್ ಮರ್ಡಾಕ್ ಅವರ ನ್ಯೂಸ್ ಕಾರ್ಪೊರೇಷನ್ 2013ರ ಜೂನ್ 28ರಂದು ಪಾಲಾಯಿತು. ಸಿನಿಮಾ, ಟಿ.ವಿ. ಒಂದು ಕಡೆ ಉಳಿದವು. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ, ಪುಸ್ತಕ ಪ್ರಕಾಶನದ ಹಾರ್ಪರ್‌ಕಾಲಿನ್ಸ್ ಇನ್ನೊಂದು ಕಡೆ ಹೋದವು. ಹಳೆಯ 4 ಷೇರಿಗೆ ಪತ್ರಿಕೆ ಕಂಪನಿಯ 1 ಷೇರು ಸಿಕ್ಕಿತು. ಆ ಕಂಪನಿ ಸಾಲವಿಲ್ಲದೆ, ಸುಮಾರು 260 ಕೋಟಿ ಡಾಲರ್ ನಗದಿನೊಂದಿಗೆ ಮನೆ ಬಿಟ್ಟಿತು. ಮರುವರ್ಷ ಟೈಮ್ ವಾರ್ನರ್ ತನ್ನ ನಿಯತಕಾಲಿಕಗಳ ಕಂಪನಿ ಟೈಮ್ ಇಂಕ್ ಅನ್ನು ಬೇರೆ ಹಾಕಿದ್ದು ಸುಮಾರು 130 ಕೋಟಿ ಡಾಲರ್ ಸಾಲ ಹೊರಿಸಿ. 2018ರಲ್ಲಿ ಅದನ್ನು ಮೆರೆಡಿತ್ ಕೊಂಡುಕೊಂಡಿತು.

ನಮ್ಮಲ್ಲಿ ಇಂಥ ವಿಭಜನೆಯನ್ನು ಷೇರುಪೇಟೆಯವರು ‘ಡಿಮರ್ಜರ್’ ಅನ್ನುತ್ತಾರೆ. ನಿಮ್ಮ ಕೈಲಿರುವ ಕಂಪನಿಯೇ ಹೀಗಾದರೆ ಮಾಡಬೇಕಾದದ್ದು ಇಷ್ಟು.

1. ಪಾಲುಪಟ್ಟಿ ಓದಿ

ಕಂಪನಿ ಕಾಯ್ದೆ 2013ರ 230ರಿಂದ 232ರವರೆಗಿನ ಸೆಕ್ಷನ್‌ಗಳಡಿ ಕಂಪನಿ ಒಂದು ‘ಸ್ಕೀಮ್’, ಅಂದರೆ ಪಾಲುಪಟ್ಟಿ, ಸಿದ್ಧಪಡಿಸುತ್ತದೆ. ಮತ ಹಾಕಿದ ಷೇರುದಾರರಲ್ಲಿ ಬಹುಮತ ಬೇಕು, ಒಪ್ಪಿದವರ ಷೇರಿನ ಮೌಲ್ಯ ಮತ ಬಿದ್ದ ಷೇರುಗಳ ಮೌಲ್ಯದಲ್ಲಿ ಮುಕ್ಕಾಲು ಪಾಲಿರಬೇಕು. ಆಮೇಲೆ ಎನ್‌ಸಿಎಲ್‌ಟಿ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಒಪ್ಪಬೇಕು. ವರ್ಷ ಹಿಡಿದರೆ ಆಶ್ಚರ್ಯವಿಲ್ಲ. ಸ್ಕೀಮ್ ಷೇರುಪೇಟೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದರಲ್ಲಿ ಷೇರು ಅನುಪಾತ, ಸಾಲದ ಹಂಚಿಕೆ, ಪತ್ರಿಕೆಯ ಹೆಸರಿನ ಹಕ್ಕು, ಮುದ್ರಣಾಲಯದ ಜಾಗ ಯಾರಿಗೆ ಎಂಬುದನ್ನು ಹುಡುಕಿ. ಉಳಿದದ್ದು ವಕೀಲರ ಭಾಷೆ, ಬಿಟ್ಟರೂ ನಡೆದೀತು.

2. ರೆಕಾರ್ಡ್ ಡೇಟ್ ತಪ್ಪಬೇಡಿ

ಯಾರ ಖಾತೆಯಲ್ಲಿ ಷೇರಿದೆ ಎಂದು ನೋಡಿ ಹೊಸ ಷೇರು ಯಾರಿಗೆಂದು ಕಂಪನಿ ತೀರ್ಮಾನಿಸುವ ದಿನವೇ ರೆಕಾರ್ಡ್ ಡೇಟ್. ಈಗ ಕೊಂಡ ಷೇರು ಮುಂದಿನ ವಹಿವಾಟಿನ ದಿನ ಖಾತೆಗೆ ಬರುತ್ತದೆ. ಹಾಗಾಗಿ ರೆಕಾರ್ಡ್ ಡೇಟ್ ದಿನವೇ ಕೊಂಡವರಿಗೆ ಹೊಸ ಷೇರಿಲ್ಲ; ಹಿಂದಿನ ವಹಿವಾಟಿನ ದಿನವೇ ಕೊಂಡಿರಬೇಕು. ಟ್ರಂಕಿನಲ್ಲಿ ಅಪ್ಪನ ಕಾಲದ ಕಾಗದದ ಷೇರು ಪತ್ರಗಳಿದ್ದರೆ ಈಗಲೇ ಕಂಪನಿಯ ಷೇರು ದಾಖಲೆ ಇಡುವ ರಿಜಿಸ್ಟ್ರಾರ್‌ಗೆ ಕೆವೈಸಿ ಕೊಟ್ಟು ಡಿಮ್ಯಾಟ್ (ಎಲೆಕ್ಟ್ರಾನಿಕ್ ಖಾತೆಗೆ) ಮಾಡಿಸಿ, ಹೊಸ ಷೇರು ಬರುವುದು ಡಿಮ್ಯಾಟ್‌ಗೇ.

3. ಆ ಬೆಳಿಗ್ಗೆ ಬೆಲೆ ಬಿದ್ದರೆ ಗಾಬರಿ ಬೇಡ

ಹೊರಟ ಪಾಲಿನಷ್ಟು ಬೆಲೆ ಹಳೆಯ ಷೇರಿನಿಂದ ಇಳಿಯಲೇಬೇಕು. 2023ರ ಜುಲೈ 20ರಂದು ಜಿಯೋ ಫೈನಾನ್ಷಿಯಲ್ ಬೇರೆಯಾದಾಗ ರಿಲಯನ್ಸ್ ಷೇರು ಹಿಂದಿನ ದಿನದ ₹2,841.85ರಿಂದ ಪೇಟೆ ತೆರೆಯುವ ಮುಂಚಿನ ವಿಶೇಷ ವಹಿವಾಟಿನಲ್ಲಿ ₹2,580ಕ್ಕೆ ನಿಂತಿತು. ವ್ಯತ್ಯಾಸದ ₹261.85 ಎಲ್ಲೂ ಕಳೆದುಹೋಗಿರಲಿಲ್ಲ, ಅದು ಜಿಯೋ ಪಾಲು. ಮಾಡಬೇಕಾದ ಕೆಲಸ ಒಂದೇ: ಬೆಲೆ ಇಂತಿಷ್ಟಕ್ಕೆ ಇಳಿದರೆ ತಾನಾಗಿ ಮಾರುವ ಸ್ಟಾಪ್‌ಲಾಸ್ ಆರ್ಡರ್‌ಗಳನ್ನು ಹಿಂದಿನ ಸಂಜೆ ತೆಗೆದುಬಿಡಿ. ಇಲ್ಲವಾದರೆ ಈ ಇಳಿಕೆಗೇ ಅದು ಚಾಲೂ ಆಗಿ ಷೇರು ಮಾರಿಹೋಗುತ್ತದೆ.

4. ಅಸಲು ಹಂಚಿ

ಹೆಚ್ಚಿನವರು ಎಡವುವುದು ಇಲ್ಲಿ. ಹೊಸ ಷೇರು ಪುಕ್ಕಟೆ ಬಂದಂತೆ ಕಂಡರೂ ಅದಕ್ಕೆ ನಿಮ್ಮ ಹಳೆಯ ದುಡ್ಡಿನಲ್ಲಿ ಪಾಲಿದೆ. ಆ ಪಾಲು ಮಾರುಕಟ್ಟೆ ಬೆಲೆಯಿಂದ ಬರುವುದಿಲ್ಲ. ವರ್ಗಾಯಿಸಿದ ಆಸ್ತಿಯ ನಿವ್ವಳ ಪುಸ್ತಕ ಮೌಲ್ಯಕ್ಕೂ (ಕಂಪನಿಯ ಲೆಕ್ಕಪುಸ್ತಕದಲ್ಲಿರುವ ಬೆಲೆ) ವಿಭಜನೆಗೆ ಮುಂಚಿನ ಕಂಪನಿಯ ನಿವ್ವಳ ಮೌಲ್ಯಕ್ಕೂ ಇರುವ ಅನುಪಾತವೇ ಅದು. ಕಂಪನಿ ಅದನ್ನು ಶೇಕಡಾ ಲೆಕ್ಕದಲ್ಲಿ ಪ್ರಕಟಿಸುತ್ತದೆ.

ಉದಾಹರಣೆಗೆ, ₹120ರಂತೆ 210 ಷೇರು ಕೊಂಡಿದ್ದೀರಿ, ಅಸಲು ₹25,200. ಅನುಪಾತ 4ಕ್ಕೆ 1, ಪತ್ರಿಕೆ ಕಂಪನಿಯ ಪಾಲು ಶೇ 22 ಎಂದಿಟ್ಟುಕೊಳ್ಳಿ. ₹5,544 ಹೊಸದಕ್ಕೆ ಹೋಯಿತು, ₹19,656 ಹಳೆಯದಕ್ಕೆ ಉಳಿಯಿತು. ಹಳೆಯ ಷೇರಿನ ಅಸಲು ತಲಾ ₹93.60. ಹೊಸ ಷೇರು ಲೆಕ್ಕಕ್ಕೆ 52.5, ತಲಾ ₹105.60. ಖಾತೆಗೆ ಬರುವುದು 52. ಅರ್ಧ ಷೇರಿನ ಹಣ ಬ್ಯಾಂಕಿಗೆ ಬರುತ್ತದೆ. ಅದೂ ಮಾರಾಟವೇ, ಅದರ ಅಸಲು ₹52.80.

ಬ್ರೋಕರ್ ಆ್ಯಪ್ ಕೆಲವೊಮ್ಮೆ ಹೊಸ ಷೇರಿಗೆ ಸೊನ್ನೆ ತೋರಿಸುತ್ತದೆ. ಅದನ್ನೇ ಆಡಿಟರಿಗೆ ಕೊಟ್ಟರೆ ಮಾರಿದ ಹಣವೆಲ್ಲ ಲಾಭವೆಂದು ತೆರಿಗೆ ಕಟ್ಟಬೇಕಾದೀತು. ಹಳೆಯ ಕಾಂಟ್ರ್ಯಾಕ್ಟ್ ನೋಟ್ (ಬ್ರೋಕರ್ ಕೊಟ್ಟ ಖರೀದಿ ಚೀಟಿ), ಕಂಪನಿಯ ಶೇಕಡಾ ಪ್ರಕಟಣೆ ಎರಡನ್ನೂ ಒಟ್ಟಿಗೆ ಪಿನ್ ಮಾಡಿಡಿ. ತೆರಿಗೆಗೆ ಅವಧಿ ಎಣಿಸುವುದು ಮೂಲ ಖರೀದಿಯ ದಿನದಿಂದ. 12 ತಿಂಗಳು ದಾಟಿದ್ದರೆ ವರ್ಷದ ₹1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5, ದಾಟದಿದ್ದರೆ ಶೇ 20.

ಹೆಸರನ್ನು ನಂಬಬೇಡಿ. 2013ರಲ್ಲಿ ಹಳೆಯ ಕಂಪನಿಯೇ ಟ್ವೆಂಟಿ ಫಸ್ಟ್ ಸೆಂಚುರಿ ಫಾಕ್ಸ್ ಎಂದು ಹೆಸರು ಬದಲಿಸಿಕೊಂಡಿತ್ತು. ನ್ಯೂಸ್ ಕಾರ್ಪ್ ಎಂಬ ಹಳೆಯ ಹೆಸರು ಹೋದದ್ದು ಹೊಸ ಕಂಪನಿಗೆ! ಯಾವುದು ಹಳೆಯದು, ಯಾವುದು ಹೊಸದು ಎಂದು ಐಎನ್‌ಇ ಎಂದು ಶುರುವಾಗುವ 12 ಅಕ್ಷರ-ಅಂಕಿಗಳ ಐಎಸ್‌ಐಎನ್, ಅಂದರೆ ಷೇರಿನ ಗುರುತು ಸಂಖ್ಯೆ, ನೋಡಿ ಗುರುತಿಸಿ.

5. ಪಟ್ಟಿಯಾದ ಮೇಲೆ

ಹೊಸ ಷೇರು ಖಾತೆಗೆ ಬಂದ ಕೂಡಲೇ ಮಾರಲಾಗದು, ಷೇರುಪೇಟೆಯ ವಹಿವಾಟಿಗೆ ಪಟ್ಟಿಯಾಗುವವರೆಗೆ ಕಾಯಬೇಕು. ಜಿಯೋ ಷೇರು ಪಟ್ಟಿಯಾದದ್ದು ಆಗಸ್ಟ್ 21ಕ್ಕೆ. ಮೊದಲ 10 ವಹಿವಾಟಿನ ದಿನ ಬೆಲೆಯ ಏರಿಳಿತಕ್ಕೆ ದಿನಕ್ಕೆ ಶೇ 5ರ ಮಿತಿ, ಅಂದೇ ಕೊಂಡು ಅಂದೇ ಮಾರುವಂತಿಲ್ಲ. ಬೇಡದವರೆಲ್ಲ ಒಟ್ಟಿಗೆ ಮಾರಲು ನಿಲ್ಲುವುದರಿಂದ ಲೋವರ್ ಸರ್ಕ್ಯೂಟ್ (ಬೆಲೆ ಆ ದಿನದ ಕೆಳಮಿತಿ ಮುಟ್ಟಿ ಕೊಳ್ಳುವವರೇ ಸಿಗದ ಸ್ಥಿತಿ) ಬೀಳುವುದುಂಟು, ಜಿಯೋಗೂ ಬಿತ್ತು. ತುರ್ತು ಹಣಕ್ಕೆ ಈ ಷೇರನ್ನು ನೆಚ್ಚಿಕೊಂಡಿದ್ದರೆ ಆ 10 ದಿನವನ್ನು ಲೆಕ್ಕದಿಂದ ಬಿಡಿ.