ಕ್ಯಾಂಟನೀಸ್‌ನಲ್ಲಿ ನಡುವೆ ಬಾಯಿ ಹಾಕುವುದು ಹೇಗೆ?

ಕೆಲಸದ ಮೇಲೆ ಹಾಂಗ್‌ಕಾಂಗ್‌ಗೆ ಹೋಗುವವರು ಕ್ಯಾಂಟನೀಸ್ ಭಾಷೆಯಲ್ಲಿ ಮೊದಲು ಕಲಿಯಬೇಕಾದದ್ದು, ನನ್ನ ಅಭಿಪ್ರಾಯದಲ್ಲಿ, ಯೋಗಕ್ಷೇಮ ವಿಚಾರಿಸುವ ಮಾತುಗಳನ್ನಲ್ಲ. ಇನ್ನೊಬ್ಬರ ಕೆಲಸವನ್ನೋ ಮಾತನ್ನೋ ಸೌಜನ್ಯದಿಂದ ತಡೆಯುವ ಮಾತುಗಳನ್ನು.

ತಡೆಯುವುದು ಯಾತಕ್ಕೆ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ. ಎದುರಿನವರಿಂದ ಸಣ್ಣ ಕೆಲಸವೊಂದು ಆಗಬೇಕಿದ್ದರೆ ‘ಮ್ ಕೋಯ್’ ಎನ್ನಬೇಕು. ‘ಛಾ ಛಾನ್ ಥೆಂಗ್’ ಎಂಬ ಗಿಜಿಗುಡುವ ಹೋಟೆಲುಗಳಲ್ಲಿ ಮಾಣಿಯನ್ನು ಕರೆಯಲು ಇದಿಷ್ಟೇ ಸಾಕು. ಕಿಕ್ಕಿರಿದ ಮೆಟ್ರೊದಲ್ಲಿ ಬಾಗಿಲಿನತ್ತ ಸರಿಯಬೇಕಾದಾಗ ‘ಮ್ ಕೋಯ್, ಚೆ ಚೆ’ ಎಂದರೆ ಜನ ದಾರಿ ಬಿಡುತ್ತಾರೆ. ನಿಗದಿತ ನಿಲ್ದಾಣಗಳಿಲ್ಲದ ಕೆಂಪು ಮಿನಿಬಸ್ಸಿನಲ್ಲಿ ಮಾತ್ರ ಮೆಲುದನಿ ಉಪಯೋಗಕ್ಕೆ ಬಾರದು. ಇಳಿಯುವವರಿದ್ದಾರೆ ಎಂಬರ್ಥದ ‘ಯವ್ ಲೋಕ್, ಮ್ ಕೋಯ್’ ಎಂಬುದನ್ನು ಚಾಲಕನಿಗೆ ಕೇಳುವಂತೆ ಕೂಗಿಯೇ ಹೇಳಬೇಕು, ಅದನ್ನು ಯಾರೂ ಒರಟುತನವೆಂದು ಭಾವಿಸುವುದಿಲ್ಲ.

ಇಬ್ಬರು ಮಾತನಾಡುತ್ತಿರುವಾಗ ನಡುವೆ ಪ್ರವೇಶಿಸುವುದಾದರೆ ‘ಮ್ ಹೋವ್ ಯೀ ಸೀ’ ಎಂದು ಸಂಕೋಚ ವ್ಯಕ್ತಪಡಿಸಿ, ಒಂದು ಕ್ಷಣ ತಡೆದು, ಅವರು ನಿಮ್ಮತ್ತ ತಿರುಗಿದ ಮೇಲೆ ‘ಚೋ ನೇಯ್ ಯತ್ ಚನ್’, ಅಂದರೆ ‘ನಿಮಗೆ ಸ್ವಲ್ಪ ಹೊತ್ತು ಅಡ್ಡಿ ಮಾಡುತ್ತೇನೆ’, ಎನ್ನಿ. ಕಚೇರಿಯಲ್ಲಿ ಸಹೋದ್ಯೋಗಿಯ ಮೇಜಿನ ಬಳಿ ಹೋದಾಗಲೂ ಇದು ಸಲ್ಲುತ್ತದೆ. ಅಪರಿಚಿತರಲ್ಲಿ ದಾರಿ ಕೇಳುವಾಗ ಪ್ರಶ್ನೆಗೆ ಮೊದಲು ‘ಛಿಂಗ್ ಮನ್’ ಸೇರಿಸಿದರಾಯಿತು.

ಇನ್ನು ಉಚ್ಚಾರಣೆ. ಆರಂಭದ ‘ಮ್’ಗೆ ಸ್ವರದ ಆಸರೆಯಿಲ್ಲ, ‘ಅಮ್’ ಎಂದೋ ‘ಮಾ’ ಎಂದೋ ಹೇಳದೆ, ತುಟಿ ಮುಚ್ಚಿಕೊಂಡೇ ತಗ್ಗಿದ ದನಿಯಲ್ಲಿ ಹೊರಡಿಸಬೇಕು. ಅದರ ಹಿಂದೆಯೇ ಬರುವ ‘ಕೋಯ್’ ಎತ್ತರದ ದನಿಯಲ್ಲಿ ಸಮವಾಗಿ ನಿಲ್ಲಬೇಕು. ರೋಮನ್ ಬರಹದಲ್ಲಿ ಇದಕ್ಕೆ ‘ಜಿ’ ಅಕ್ಷರ ಬಳಸುವುದರಿಂದ ಹಲವರು ‘ಗೋಯ್’ ಎಂದು ಓದುತ್ತಾರೆ, ಆದರೆ ನಮ್ಮ ಅಲ್ಪಪ್ರಾಣ ‘ಕ’ಕಾರವೇ ಮೂಲಕ್ಕೆ ಹತ್ತಿರ. ಚ-ಛ, ತ-ಥಗಳ ವ್ಯತ್ಯಾಸ ಆ ಭಾಷೆಯಲ್ಲಿಯೂ ಅರ್ಥವನ್ನೇ ಬದಲಿಸುವುದರಿಂದ ಮಹಾಪ್ರಾಣವನ್ನು ಸ್ಪಷ್ಟವಾಗಿ ಉಚ್ಚರಿಸುವ ಕನ್ನಡಿಗರಿಗೆ ಇಲ್ಲಿ ಅನುಕೂಲವಿದೆ. ಆರು ಸ್ವರಮಟ್ಟಗಳನ್ನು, ಅಂದರೆ ಪದದ ಅರ್ಥವನ್ನು ಬೇರ್ಪಡಿಸುವ ದನಿಯ ಏರಿಳಿತಗಳನ್ನು, ಮಾತ್ರ ಕಿವಿಗೊಟ್ಟೇ ಕಲಿಯಬೇಕು.

ಎದುರಿನವರು ‘ತಂಗ್ ಚನ್’ ಎಂದರೆ ‘ತುಸು ತಾಳಿ’ ಎಂದರ್ಥ. ಆಗ ಮತ್ತೆ ಕರೆಯದೆ ಕಾಯಬೇಕು. ಕೆಲಸ ಮುಗಿದ ಮೇಲೆ ‘ಮ್ ಕೋಯ್ ಸಾಯ್’ ಎಂದು ಕೃತಜ್ಞತೆ ಹೇಳಿ ಹೊರಡಿ. ಉಡುಗೊರೆ ಪಡೆದಾಗ ಹೇಳುವ ‘ತೋ ಚೆ’ ಇಲ್ಲಿಗೆ ಹೊಂದದು.