ಕೊಪ್ಪದಲ್ಲಿ ಉದುರಿದ ಅಟ್ಟೆ

ಜುಲೈ ತಿಂಗಳು. ಕೊಪ್ಪದ ಒಂದು ಕ್ಲಿನಿಕ್ಕಿನಲ್ಲಿ ಬ್ಯಾಗ್ ಹಿಡಿದು ಡಾಕ್ಟರಿಗಾಗಿ ಕಾಯುತ್ತಿದ್ದೆ. ಚೀಟಿ ಬರೆಯುವ ಹುಡುಗಿ ನೆಲ ನೋಡಿದಳು, ಆಮೇಲೆ ನನ್ನ ಕಾಲು ನೋಡಿದಳು. "ಸಾರ್, ನಿಮ್ಮ ಶೂ..." ತಿರುಗಿ ನೋಡಿದರೆ ಬಾಗಿಲಿಂದ ನಾನು ನಿಂತ ಜಾಗದವರೆಗೂ ಬಿಳಿ ಟೈಲ್ಸ್ ಮೇಲೆ ಕಪ್ಪು ಪುಡಿ. ಬಲಗಾಲಿನ ಹಿಮ್ಮಡಿ ಅರ್ಧ ಮಾಯ.

ನಾನು ಮೆಡಿಕಲ್ ರೆಪ್. ಮನೆ ಚಿಕ್ಕಮಗಳೂರಲ್ಲಿ, ಓಡಾಟ ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ. ಕೂರುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಆ ಶೂ ಸವೆದದ್ದೇನೂ ಅಲ್ಲ. ಮೀಟಿಂಗಿಗೆ ಅಂತ ನಾಲ್ಕು ವರ್ಷ ಡಬ್ಬದಲ್ಲೇ ಜೋಪಾನ ಮಾಡಿದ್ದು.

ಊರಿಗೆ ಬಂದು ಶೂ ರಿಪೇರಿ ಮಾಡುವ ಯಜಮಾನರಿಗೆ ಕೊಟ್ಟೆ. ಅವರು ಉಗುರಲ್ಲಿ ಅಟ್ಟೆ ಕೆರೆದರು. ಒಣಗಿದ ರಸ್ಕಿನ ಹಾಗೆ ಉದುರಿತು. "ಇದಕ್ಕೆ ಅಂಟೂ ಕೂರಲ್ಲ, ಹೊಲಿಗೆನೂ ನಿಲ್ಲಲ್ಲ ಸಾರ್. ಹಾಕ್ದೇ ಎತ್ತಿಟ್ಟಿದ್ರಿ ಅಲ್ವಾ?"

ವಿಷಯ ಇಷ್ಟೇ. ಹಗುರ ಶೂಗಳ ಅಟ್ಟೆ ಎಷ್ಟೋ ಸಲ ಪಿಯು, ಅಂದರೆ ಪಾಲಿಯುರೆಥೇನ್. ಅದು ಗಾಳಿಯ ತೇವಕ್ಕೆ ಒಳಗೊಳಗೇ ಮುರಿಯುತ್ತಾ ಹೋಗುತ್ತದೆ. ಬೆಲ್ಟಿಗೂ ಬೂಷ್ಟು ಹಿಡಿಯುವ ನಮ್ಮ ಮಲೆನಾಡಿನ ಕಪಾಟಿನಲ್ಲಿ ಕೇಳಬೇಕೇ? ರಬ್ಬರ್ ಅಟ್ಟೆ ಸ್ವಲ್ಪ ಭಾರ, ಆದರೆ ಹೀಗೆ ಮೋಸ ಮಾಡುವುದಿಲ್ಲ.

ಹೊಸ ಜೊತೆ ತರುವಾಗ ಹಟ ಹಿಡಿದೆ. ಇಪ್ಪತ್ತು ವರ್ಷದಿಂದ ಅಂಗಡಿಯಲ್ಲಿ "ಎಂಟು ಕೊಡಿ" ಅನ್ನುತ್ತಿದ್ದೆ. ಸಂಜೆಯಾದರೆ ಕಿರುಬೆರಳಲ್ಲಿ ಗುಳ್ಳೆ. ಈ ಸಲ ರಟ್ಟಿನ ಮೇಲೆ ಎರಡೂ ಕಾಲಿಟ್ಟು ನಿಂತೆ, ಮಗಳು ಸುತ್ತ ಪೆನ್ಸಿಲ್ ಎಳೆದಳು. ಕಚಗುಳಿಗೆ ಎರಡು ಸಲ ಕೆಟ್ಟಿತು. ಅಳೆದರೆ ಬಲಗಾಲು ಎಡಗಾಲಿಗಿಂತ 4 ಮಿಲಿಮೀಟರ್ ಉದ್ದ, ಮುಂಭಾಗ ಅಂತೂ ಮಡಕೆ ಮುಚ್ಚಳದ ಹಾಗೆ ಅಗಲ. ಹೊಸ ಶೂವನ್ನು ದೊಡ್ಡ ಕಾಲಿನ ಅಳತೆಗೇ ತಗೋಬೇಕು. ಇಂಗ್ಲಿಷ್ ನಂಬರಿನಲ್ಲಿ ಎಂಟಕ್ಕೂ ಒಂಬತ್ತಕ್ಕೂ ಇರುವ ಅಂತರ ಮೂರನೇ ಒಂದು ಇಂಚು, ಸುಮಾರು 8.5 ಮಿಲಿಮೀಟರ್. ಅದು ಉದ್ದದ ಲೆಕ್ಕ. ನನಗೆ ಬೇಕಿದ್ದದ್ದು ಅಗಲ. ಸುಮ್ನೆ ಒಂಬತ್ತಕ್ಕೆ ಹೋದರೆ ಬೆರಳಿಗೆ ಹಾಯೆನಿಸಿದರೂ ಹಿಮ್ಮಡಿ ಕಳಚುತ್ತದೆ.

ಸಂಜೆ ಆರರ ಮೇಲೆ, ಏರಿಯಾ ಸುತ್ತಿ ಬಂದ ಕಾಲಲ್ಲೇ ಎಂ.ಜಿ. ರಸ್ತೆಗೆ ಹೋದೆ. ದಿನವಿಡೀ ನಿಂತ ಕಾಲು ಊದಿರುತ್ತದೆ. ಅಳತೆ ಕೊಡಬೇಕಾದದ್ದು ಆ ಕಾಲಿಗೇ. ದಿನಾ ಹಾಕುವ ಸಾಕ್ಸೇ ಹಾಕಿದ್ದೆ. ಅಂಗಡಿ ಹುಡುಗ ತೋರಿಸಿದ ಮೊದಲನೆಯದರ ಒಳಗಿನ ಅಟ್ಟೆ ಹಾಳೆ ಎಳೆದು ನೆಲಕ್ಕೆ ಹಾಕಿ, ಅದರ ಮೇಲೆ ನಿಂತೆ. ಕಾಲು ಎರಡೂ ಬದಿ ಹೊರಗೆ ಚಾಚಿತು. ಹಾಕಿ ನೋಡುವ ಕೆಲಸವೇ ಇಲ್ಲ. ಎರಡನೆಯದು ಆಕ್ಸ್‌ಫರ್ಡ್, ಲೇಸಿನ ಎರಡು ಪಟ್ಟಿ ಕೆಳಗೆ ಒಟ್ಟಿಗೆ ಹೊಲಿದದ್ದು. ನೋಡಲು ಚಂದ, ನನ್ನಂಥ ಎತ್ತರದ ಪಾದಕ್ಕೆ ಇಕ್ಕಳ. ಮೂರನೆಯದು ಡರ್ಬಿ. ಅದರ ಪಟ್ಟಿಗಳು ಬಿಚ್ಚಿಕೊಳ್ಳುವುದರಿಂದ ಪಾದಕ್ಕೆ ತಕ್ಕಂತೆ ಸಡಿಲಿಸಬಹುದು. ಎದ್ದು ನಿಂತಾಗ ಹೆಬ್ಬೆರಳ ಮುಂದೆ ಒಂದು ಬೆರಳಿನ ಜಾಗ. ಕೈಯಲ್ಲಿ ಬಗ್ಗಿಸಿದರೆ ಬೆರಳಿನ ಬುಡದಲ್ಲೇ ಬಗ್ಗಿತು, ನಡುವೆ ಮಡಚಲಿಲ್ಲ.

"ಹಾಕ್ತಾ ಹಾಕ್ತಾ ಸರಿ ಹೋಗುತ್ತೆ ಸಾರ್" ಎಂದು ಹುಡುಗ ಮೊದಲನೆಯದನ್ನೇ ಇನ್ನೊಮ್ಮೆ ನೂಕಿದ. ಅಪ್ಪಟ ಚರ್ಮವಾದರೆ ಅಗಲದಲ್ಲಿ ಒಂಚೂರು ಬಿಡುತ್ತದೆ, ನಿಜ. ಉದ್ದ ಬೆಳೆಯುವುದಿಲ್ಲ. ರೆಕ್ಸಿನ್ ಅಂತೂ ಹಾಗೇ ಇರುತ್ತದೆ. ನಾನು ಡರ್ಬಿ ಹಾಕಿಕೊಂಡು ಕಾರ್ಪೆಟ್ ಬಿಟ್ಟು ಗಟ್ಟಿ ನೆಲದ ಮೇಲೆ ಹತ್ತು ನಿಮಿಷ ಸುತ್ತಿದೆ. ಮಾಲೀಕರು ಎರಡು ಸಲ ತಲೆ ಎತ್ತಿ ನೋಡಿದರು, ಅಷ್ಟೇ.

ಇದೇ ಬುದ್ಧಿ ಹೆಡ್‌ಫೋನಿಗೂ ಆಯಿತು. ರಾತ್ರಿ ಎಂಟಕ್ಕೆ ರಿವ್ಯೂ ಮೀಟಿಂಗ್, ಗಂಟೆಗಟ್ಟಲೆ. ಒಂದಿನ ಮನೆಯವಳು, "ಕಿವಿ ಹತ್ರ ಏನ್ರೀ ಮಸಿ?" ಎಂದಳು. ಮುಟ್ಟಿ ನೋಡಿದರೆ ಅದೇ ಕಪ್ಪು ಹೊಪ್ಪಳೆ! ಕಿವಿಮೆತ್ತೆಯ ಹೊದಿಕೆಯೂ ಪಿಯು. ಬೆವರು ಬೇರೆ ಸೇರಿತ್ತು.

ಅದು ಕಿವಿಯ ಮೇಲೆ ಕೂರುವ ಜಾತಿ. ಕನ್ನಡಕದ ಕಡ್ಡಿಯನ್ನು ತಲೆಗೆ ಒತ್ತಿ, ಅರ್ಧ ಗಂಟೆಗೆ ಕಣತಲೆ ಸಿಡಿಯುತ್ತಿತ್ತು. ಈ ಸಲ ಕಿವಿಯನ್ನು ಪೂರ್ತಿ ಒಳಗೆ ತಗೊಳ್ಳುವ ಬಟ್ಟೆ ಮೆತ್ತೆಯದು ತಂದೆ. ಮೆತ್ತೆ ಬಿಚ್ಚಿ ಬೇರೆ ಹಾಕಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ತಿರುಗಿಸಿ ನೋಡಿದೆ. ಕನ್ನಡಕ ಹಾಕಿಕೊಂಡೇ ಇಪ್ಪತ್ತು ನಿಮಿಷ ಕೂತೆ. ಹಾಡು ಕೇಳಲಿಲ್ಲ, ಎಲ್ಲಿ ಒತ್ತುತ್ತದೆ ಎಂದಷ್ಟೇ ನೋಡಿದೆ. ಕನ್ನಡಕದ ಕಡ್ಡಿ ಇರುವ ಕಡೆ ಸಂದು ಬಿದ್ದು ಹೊರಗಿನ ಸದ್ದು ಸ್ವಲ್ಪ ನುಗ್ಗುತ್ತದೆ. ಇರಲಿ, ಕುಕ್ಕರ್ ಎಷ್ಟು ಸಲ ಕೂಗಿತು ಎಂದಾದರೂ ಗೊತ್ತಾಗುತ್ತದೆ.

ಈಗ ಶೂ ಎರಡು ಜೊತೆ, ದಿನ ಬಿಟ್ಟು ದಿನ. ನೆನೆದು ಬಂದರೆ ಒಳಗೆ ಹಳೇ ಪೇಪರ್ ತುರುಕಿ ಗಾಳಿಯಲ್ಲಿಡುತ್ತೇನೆ, ಒಲೆ ಮುಂದೆ ಇಡುವುದಿಲ್ಲ. ಚರ್ಮ ಸೆಟೆದು ಬಿರಿಯುತ್ತದೆ. ಮಗಳು ಗೀಚಿದ ರಟ್ಟು ಸ್ಯಾಂಪಲ್ ಬ್ಯಾಗಿನ ಹಿಂದಿನ ಜೇಬಿನಲ್ಲಿದೆ. ಮೊನ್ನೆ ಬಾಮೈದ ಅದರ ಮೇಲೆ ಕಾಲಿಟ್ಟು ನೋಡಿದ. ಅವನದು ನನ್ನದಕ್ಕಿಂತ ಅಗಲ, ಹಾಕಿದ್ದು ಮಾತ್ರ ಏಳನೇ ನಂಬರ್.